ಫ್ಲೆಕ್ಸಿನಲ್ಲಿ ಮೂರನೆಯವನು

“ಲೋ ಚೈನಾ, ಮೇಲೆ ನಿಂತಿದ್ದೋನು ಯಾವಾಗ್ಲಾ ಕೆಳಕ್ಕಿಳ್ದೆ?”

ಸಂಜಯ್ ಹೀಗೆ ಕೂಗಿದ್ದು ಹೊಳೆನರಸೀಪುರದ ಬಸ್ ಸ್ಟ್ಯಾಂಡ್ ಎದುರಿನ ಟೀ ಅಂಗಡಿಯಲ್ಲಿ, ಬಸ್ಸಿಗೆ ಕಾಯುವವರು, ತೆಂಗಿನಕಾಯಿ ಮಂಡಿಯವರು, ತಾಲ್ಲೂಕು ಕಚೇರಿಗೆ ಬಂದವರು ಎಲ್ಲ ಲೋಟ ಹಿಡಿದು ನಿಂತಿದ್ದ ಹೊತ್ತಿನಲ್ಲಿ. ಮೊಬೈಲ್ ರಿಪೇರಿಯ ನೊರ್ಬುವಿನ ಎರಡೂ ಕೈಯಲ್ಲಿ ಟೀ ಲೋಟಗಳಿದ್ದವು. ಒಂದು ಅವನಿಗೆ, ಇನ್ನೊಂದು ಪಕ್ಕದ ಫ್ಲೆಕ್ಸ್ ಅಂಗಡಿಯ ರಜನೀಶನಿಗೆ. ಜನ ಮೊದಲು ಸಂಜಯ್ ಕೈ ತೋರಿಸಿದ ಕಡೆ ಕತ್ತೆತ್ತಿದರು. ಸರ್ಕಲ್ಲಿನ ಎರಡು ಕಂಬಗಳ ನಡುವೆ ಬೆಳಗ್ಗೆ ತಾನೇ ಕಟ್ಟಿದ್ದ ಫ್ಲೆಕ್ಸ್ ಅಲ್ಲಿ ಗಾಳಿಗೆ ಉಬ್ಬುತ್ತಿತ್ತು. ಆಮೇಲೆ ಎಲ್ಲರ ಕಣ್ಣೂ ನೊರ್ಬುವಿನ ಮುಖಕ್ಕೆ ಇಳಿದವು. ಅಲ್ಲಿಗೆ ನಗು ಹತ್ತಿಕೊಂಡಿತು.

ಫ್ಲೆಕ್ಸಿನಲ್ಲಿ ಮೂವರಿದ್ದರು. ಮೀಸೆ ತಿರುವಿದ ನಮ್ಮ ಸೈನಿಕ ಬೂಟುಗಾಲೆತ್ತಿ ಒದೆಯುತ್ತಿದ್ದ. ಒದೆಸಿಕೊಂಡ ಗಡ್ಡದವನು ನೆಲ ಬಿಟ್ಟು ಗಾಳಿಯಲ್ಲಿದ್ದ. ಅವನ ಬೆನ್ನಿಗೆ ಅಡಗಿಕೊಂಡು ಹಿಂದಿನಿಂದ ಬಂದೂಕು ಎತ್ತಿಕೊಡುತ್ತಿದ್ದ ಮೂರನೆಯವನೇ ಚೈನಾದವನು. ಗೀರಿದಂಥ ಕಣ್ಣು, ದುಂಡನೆಯ ಕನ್ನಡಕ, ತುಟಿ ದಾಟಿ ಬಂದ, ಮೂಲೆ ಮುರಿದ ಹಲ್ಲು. ನೆತ್ತಿಯ ಮೇಲೆ ಒಂದಿಷ್ಟು ಕೂದಲು ಕೋಳಿಯ ಪುಕ್ಕದ ಹಾಗೆ ಎದ್ದು ನಿಂತಿತ್ತು.

“ಹಲ್ ನೋಡ್ರಲಾ, ಹಲ್ಲೂ ಅಂಗೇ ಮೂಲೇಲಿ ಮುರ್ದದೆ!” ಯಾರೋ ಹಿಂದಿನಿಂದ ಅಂದರು. ನಗು ಇನ್ನೊಂದು ಸುತ್ತು ಎದ್ದಿತು.

ನೊರ್ಬು ಲೋಟ ತುಳುಕಿಸಲಿಲ್ಲ. “ಮೇಲೆ ಟೀ ಸಿಗಾಕಿಲ್ಲ ಸಂಜಯಣ್ಣ, ಅದ್ಕೇ ಇಳ್ದು ಬಂದೆ” ಅಂದ. ಅದಕ್ಕೂ ನಕ್ಕರು.

ಅಂಗಡಿಯ ಹೊಸ್ತಿಲಲ್ಲಿ ನಿಂತಿದ್ದ ರಜನೀಶನೂ ನಕ್ಕ. ನೊರ್ಬುವನ್ನು ನೋಡಿ ನಕ್ಕದ್ದಲ್ಲ. ತಾನು ಬರೆದದ್ದನ್ನು ನೋಡಿ ಊರು ಇಷ್ಟು ಗಟ್ಟಿಯಾಗಿ ನಕ್ಕದ್ದು ಅದೇ ಮೊದಲು, ಆ ಖುಷಿ ತಡೆಯಲಾಗಲಿಲ್ಲ. ನೊರ್ಬು ರಸ್ತೆ ದಾಟಿ ಬಂದು ಒಂದು ಲೋಟವನ್ನು ಅವನ ಮೇಜಿನ ಮೇಲಿಟ್ಟ. ತನ್ನದನ್ನೂ ಅದರ ಪಕ್ಕದಲ್ಲೇ ಇಟ್ಟು ಒಳಗೆ ಹೋದ. ರಜನೀಶ ಎರಡನ್ನೂ ತಾನೇ ಕುಡಿದ.

ರಜನೀಶ ಹಳ್ಳಿಮೈಸೂರು ಕಡೆಯ ಹುಡುಗ. ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಗಣಿತದ ಮೇಷ್ಟ್ರನ್ನು ಕಪ್ಪೆ ಮಾಡಿ ಬೋರ್ಡಿನ ಮೇಲೆ ಬರೆದಿದ್ದ. ಮೇಷ್ಟ್ರು ಅದನ್ನು ಒರೆಸಲಿಲ್ಲ. ಅವನನ್ನು ಬೋರ್ಡಿನ ಪಕ್ಕದಲ್ಲಿ ನಿಲ್ಲಿಸಿ, “ಚೆನ್ನಾಗಿದೆ. ಈಗ ಇದರ ಪಕ್ಕದಲ್ಲಿ ನಿಮ್ಮಪ್ಪನ್ನ ಬರಿ, ನಾವೂ ನಗ್ತೀವಿ” ಅಂದರು. ಅವನು ಸೀಮೆಸುಣ್ಣ ನೆಲಕ್ಕೆ ಬಡಿದು ಹೊರಬಿದ್ದವನು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಮನೆಯಲ್ಲಿ ಒದೆ ತಿಂದ, ಗಾರೆ ಕೆಲಸಕ್ಕೆ ಹೋದ, ಬೋರ್ಡು ಬರೆಯುವವರ ಹಿಂದೆ ಬಣ್ಣದ ಡಬ್ಬ ಹೊತ್ತ. ಸಿಟ್ಟು ಮಾತ್ರ ಆರಲಿಲ್ಲ. ಓದಿದವರು ಎದುರು ಸಿಕ್ಕರೆ ಅವರ ಮೂಗು, ದವಡೆ, ಕಿವಿ ಎಲ್ಲಿ ಎಳೆದರೆ ನಗು ಬರುತ್ತದೆ ಎಂದು ಮೊದಲು ನೋಡುತ್ತಿದ್ದ. ತಾನು ಬರೆದದ್ದನ್ನು ಕಂಡು ಎದುರಿಗಿದ್ದವನು ಉರಿದುಬಿದ್ದರೆ ಬೊಂಬೆ ಗೆದ್ದಿತು ಅನ್ನುವುದು ಅವನ ಲೆಕ್ಕ.

ಚಿತ್ರ ಬರೆಯುವುದನ್ನು ಅವನಿಗೆ ಯಾರೂ ಕಲಿಸಿದ್ದಲ್ಲ. ಅವನ ಅಪ್ಪ ಬೀರಲಿಂಗಯ್ಯ ಗೊರೂರು ಡ್ಯಾಮಿನ ಐಬಿ ಬಂಗಲೆಯನ್ನು ನೋಡಿಕೊಳ್ಳುವ ಮೇಟಿಯಾಗಿದ್ದ. ಯಾರೋ ಹಳೆಯ ಇಂಜಿನಿಯರು ಕ್ವಾರ್ಟರ್ಸ್ ಖಾಲಿ ಮಾಡುವಾಗ ಬಿಟ್ಟುಹೋದ ಪುಸ್ತಕಗಳ ಒಂದು ಚೀಲ ಅಪ್ಪನ ಜೊತೆ ಮನೆಗೆ ಬಂದಿತ್ತು. ಎಲ್ಲ ಅಮೆರಿಕದ ನಗೆಪತ್ರಿಕೆಗಳು, ಯಾವುದೋ ಹಳೆಯ ಯುದ್ಧದ ಕಾಲದವು. ಅವ್ವ ಕಲ್ಲಮ್ಮ ಒಂದಿಷ್ಟನ್ನು ಒಲೆ ಹಚ್ಚಲು ಹರಿದಳು. ಉಳಿದವು ರಜನೀಶನ ಪಾಲಾದವು. ಪುಟ ತುಂಬ ಸೈನಿಕರು, ಜೀಪುಗಳು, ಹಡಗುಗಳು, ಎದೆಯುಬ್ಬಿಸಿದ ನರ್ಸುಗಳು. ಕೆಳಗೆ ಒಂದೊಂದು ಸಾಲು ಇಂಗ್ಲಿಷ್. ಅದನ್ನು ಅವನು ಓದಲಿಲ್ಲ, ಓದಲು ಬರುತ್ತಲೂ ಇರಲಿಲ್ಲ. ಆದರೆ ಕುಂಚವನ್ನು ಶಾಯಿಗದ್ದಿ ಒಂದೇ ಎಳೆತಕ್ಕೆ ಬೆನ್ನು, ಸೊಂಟ, ಕಾಲು ಮೂರನ್ನೂ ತಂದುಬಿಡುವ ಆ ಕೈ ಇತ್ತಲ್ಲ, ಅದರ ಹಿಂದೆ ಬಿದ್ದ. ಇದ್ದಿಲಿನಲ್ಲಿ ಕೊಟ್ಟಿಗೆಯ ಗೋಡೆ ತುಂಬ ಅವೇ ಬೊಂಬೆಗಳನ್ನು ಬರೆದ. ಆ ಪುಸ್ತಕಗಳಲ್ಲಿ ಮತ್ತೆ ಮತ್ತೆ ಬರುವ ಒಬ್ಬ ಶತ್ರುವಿದ್ದ. ಹಲ್ಲು ಮುಂದೆ, ಕಣ್ಣು ಗೀರು, ಕನ್ನಡಕ ದುಂಡಗೆ. ಪೆದ್ದ, ಕಳ್ಳ, ಪುಕ್ಕಲ ಎಲ್ಲವೂ ಅವನೇ. ಅವನು ಚೈನಾದವನು ಎಂದು ರಜನೀಶ ಹುಡುಗನಾಗಿದ್ದಾಗಲೇ ತಾನಾಗಿ ತೀರ್ಮಾನಿಸಿಕೊಂಡಿದ್ದ.

ಹಾಗಾಗಿ ಪಾಕಿಸ್ತಾನದ ಗಡಿಯಲ್ಲಿ ಗುಂಡು ಹಾರುತ್ತಿದ್ದ ಆ ವಾರ ಸಂಜಯ್ ತನ್ನ ಗೆಳೆಯರ ಬಳಗದ ಪರವಾಗಿ ಬಂದು, “ಜನ ನಿಂತು ನೋಡ್ಬೇಕು, ನಕ್ಕು ನಕ್ಕು ಸಾಯ್ಬೇಕು, ಅಂಗಿರ್ಬೇಕು” ಅಂದಾಗ, ರಜನೀಶ ಅವನ ಮಾತು ಮುಗಿಯಲು ಬಿಡಲಿಲ್ಲ. ಅಂಗಡಿಯ ಮಾಲೀಕ ಕೀರ್ತಿರಾಜ್ “ನೆಟ್ಟಿಂದ ಎರಡು ಫೋಟೋ ಇಳ್ಸಿ ಅಂಟ್ಸಲಾ, ಸಾಕು” ಅಂದ. ಹುಟ್ಟುಹಬ್ಬದ ಫ್ಲೆಕ್ಸಿಗೂ ತಿಥಿಯ ಫ್ಲೆಕ್ಸಿಗೂ ಅಲ್ಲಿ ನಡೆಯುತ್ತಿದ್ದುದು ಅದೇ. ಇನ್ನೊಬ್ಬರ ಕೋಟಿಗೆ ಇವರ ತಲೆ ಕೂರಿಸಿ, ಕೆಳಗೆ ಹೆಸರು ಹಾಕಿ, ಮೆಷಿನ್ನಿಗೆ ಬಿಡುವುದು. ರಜನೀಶ ಮಾತ್ರ “ಅಣ್ಣ, ಇದ್ನ ನಾನೇ ಕೈಯಲ್ ಬರಿತೀನಿ” ಎಂದು ಹಟ ಹಿಡಿದ.

ಬರೆಯುವಾಗ ಪುಸ್ತಕ ಎದುರಿಗಿರಲಿಲ್ಲ, ಊರಿನ ಅಟ್ಟದಲ್ಲಿತ್ತು. ಬೇಕಾಗಿಯೂ ಇರಲಿಲ್ಲ, ಆ ಮುಖ ಅವನ ಕೈಯಲ್ಲೇ ಕೂತಿತ್ತು. ಸೈನಿಕ ಸಲೀಸಾಗಿ ಬಂದ. ಗಡ್ಡದವನೂ ಬಂದ. ಮೂರನೆಯವನು ಮಾತ್ರ ಸತ್ತ ಹಾಗೆ ಬಿದ್ದುಕೊಂಡ. ಹರಿದು ಹಾಕಿ ಮತ್ತೆ ಬರೆದ. ಹಣೆ ಒತ್ತಿಕೊಂಡು, ಅತ್ತ ಇತ್ತ ನೋಡುತ್ತ, ಪೆನ್ಸಿಲ್ ಕಚ್ಚುತ್ತ ಕೂತಿದ್ದವನಿಗೆ ಊಟದ ಹೊತ್ತು ಕಳೆದ ಮೇಲೆ ಇದ್ದಕ್ಕಿದ್ದಂತೆ ಎಲ್ಲ ಸರಿಹೋಯಿತು. ಮುಖಕ್ಕೆ ಜೀವ ಬಂದಿತು. ಕೀರ್ತಿರಾಜ್ ಬಂದು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ.

ಎರಡು ಅಂಗಡಿಗಳ ನಡುವೆ ಎದೆಮಟ್ಟಕ್ಕೆ ಪ್ಲೈವುಡ್, ಅದರ ಮೇಲೆ ಗಾಜು. ಆಚೆಗೆ ನೊರ್ಬು ದಿನವಿಡೀ ಬಗ್ಗಿ ಕೂತಿರುತ್ತಿದ್ದ. ಬೈಲಕುಪ್ಪೆಯ ಟಿಬೆಟ್ ಕ್ಯಾಂಪಿನವನು. ಅವನ ತಾತ ಹಿಮದ ಬೆಟ್ಟ ಇಳಿದು ಓಡಿಬಂದವನು, ಅಪ್ಪ ಕ್ಯಾಂಪಿನ ಹೊಲದಲ್ಲಿ ಜೋಳ ಬೆಳೆದವನು. ಅವ್ವ ಪ್ರತಿ ಚಳಿಗಾಲ ಹಾಸನದ ಫುಟ್‌ಪಾತಿನಲ್ಲಿ ಸ್ವೆಟರು ಮಾರುತ್ತಿದ್ದಳು. ಆ ಫುಟ್‌ಪಾತಿನಲ್ಲಿ ಬೆಳೆದ ನೊರ್ಬುವಿನ ಬಾಯಲ್ಲಿ ಕನ್ನಡ ಎಷ್ಟು ಸಲೀಸೆಂದರೆ, ಫೋನಿನಲ್ಲಿ ಅವನ ದನಿ ಕೇಳಿ ಅಂಗಡಿಗೆ ಬಂದ ಹಳ್ಳಿಯವರು “ಇಲ್ಲಿ ಮೊಬೈಲ್ ರಿಪೇರಿ ಮಾಡೋ ಗೌಡ್ರು ಎಲ್ಲವ್ರೆ?” ಎಂದು ಅವನನ್ನೇ ಕೇಳಿದ್ದುಂಟು. ರಜನೀಶನಿಗೆ ಆ ಊರಿನಲ್ಲಿದ್ದ ಒಬ್ಬನೇ ಗೆಳೆಯ ಅವನು. ಕೀರ್ತಿರಾಜ್ ಬೈದ ದಿನ ಗಾಜಿನಾಚೆಯಿಂದ ಹುಬ್ಬು ಕುಣಿಸಿ ನಗಿಸುವವನೂ ಅವನೇ.

ಫ್ಲೆಕ್ಸ್ ಕಟ್ಟಿದ ಮೇಲೆ ನೊರ್ಬು ಒಂದೆರಡು ದಿನ ತಮಾಷೆಗೆ ತಮಾಷೆಯನ್ನೇ ಕೊಟ್ಟ. ಯಾರೋ ಫ್ಲೆಕ್ಸಿನ ಫೋಟೋದ ಪಕ್ಕ ಅವನ ಫೋಟೋ ಜೋಡಿಸಿ ಸ್ಟೇಟಸ್ ಹಾಕಿದರು. ಕಾಲೇಜು ಹುಡುಗರು ಅಂಗಡಿಯ ಮುಂದೆ ನಿಂತು ಹಲ್ಲು ಮುಂದೆ ಮಾಡಿ ಸೆಲ್ಫಿ ತೆಗೆದುಕೊಂಡರು. “ಲೋ, ಇವ್ನ ಕೈಲಿ ಫೋನ್ ಕೊಟ್ರೆ ಮಾತೆಲ್ಲ ಬೀಜಿಂಗಿಗೋಯ್ತದೆ” ಎಂದು ಒಬ್ಬ ಹೇಳಿದ್ದು ಮೊದಲು ನಗೆಯಾಗಿತ್ತು. ವಾರ ಕಳೆಯುವುದರೊಳಗೆ ಅದು ಸುದ್ದಿಯಾಯಿತು. ರಿಪೇರಿಗೆ ಕೊಟ್ಟಿದ್ದವರು ಕೆಲವರು ಬಂದು ಬಿಚ್ಚಿದ ಫೋನನ್ನು ಬಿಚ್ಚಿದ ಹಾಗೇ ವಾಪಸ್ ಕೇಳಿದರು. ಗಡ್ಡದವನನ್ನು ಮಾತ್ರ ಯಾರೂ ಯಾರಿಗೂ ಹೋಲಿಸಲಿಲ್ಲ. ಹೋಲಿಸುವ ಅಗತ್ಯವೇ ಬೀಳಲಿಲ್ಲ. ಟೈರ್ ಅಂಗಡಿಯ ಅನ್ವರ್ ಸರ್ಕಲ್ಲಿನ ಟೀ ಬಿಟ್ಟು ಮನೆಯಿಂದ ಫ್ಲಾಸ್ಕು ತರತೊಡಗಿದ್ದ.

ಒಂದು ಮಧ್ಯಾಹ್ನ ಸಂಜಯ್ ಬಂದು ಕೀರ್ತಿರಾಜನ ಮುಂದೆ ಕುರ್ಚಿ ಎಳೆದುಕೊಂಡ. ಆ ಕಟ್ಟಡ ಅವನ ಅಪ್ಪನದು, ಎರಡು ಅಂಗಡಿಗಳ ಬಾಡಿಗೆಯೂ ಅವರಿಗೇ.

“ಊರೆಲ್ಲ ಆಡ್ಕೊತಾವ್ರೆ ಕಣಣ್ಣ, ಚೈನಾದೋನಿಗೆ ಅಂಗಡಿ ಕೊಟ್ಟವ್ರೆ ಅಂತ. ನಮ್ಮಪ್ಪಂಗೆ ತಲೆ ಕೆಟ್ಟೋಗದೆ. ನೊರ್ಬುದು ಈ ತಿಂಗ್ಳು ಅಗ್ರಿಮೆಂಟ್ ಮುಗಿತದೆ, ಮುಂದಕ್ಕೆ ಮಾಡಲ್ಲ ಅಂತವ್ನೆ.”

“ಚೈನಾದೋನು ಅಂತ ಅಂದಿದ್ದು ನೀವೇ ಅಲ್ವಾ?” ರಜನೀಶ ಮೌಸ್ ಬಿಟ್ಟು ತಿರುಗಿದ.

“ಬರ್ದಿದ್ದು ನೀನಲ್ವಾ?” ಸಂಜಯ್ ನಕ್ಕ. “ನಾನು ಇದ್ದುದ್ನ ಅಂದೆ ಕಣಯ್ಯ. ನೀ ಬರ್ದಿದ್ದಕ್ಕೇ ಜನ ಕಣ್ ಬುಟ್ ನೋಡಿದ್ದು.”

“ಅದು ಅವ್ನಲ್ಲ. ಅದು ಪುಸ್ತಕದ್ದು. ಅಮೇರಿಕದ್ದು.”

“ಅಮೇರಿಕದೋರು ನೊರ್ಬುನ್ನ ಯಾವಾಗ ನೋಡಿದ್ರು?” ಅಂದು ಸಂಜಯ್ ಕೀರ್ತಿರಾಜನ ತೊಡೆ ತಟ್ಟಿ ಎದ್ದ. ಕೀರ್ತಿರಾಜ್ ಅವರಿಗೆ ಬಾಡಿಗೆ ಕಟ್ಟುವವನು, ಅವನೂ ನಕ್ಕ.

ಗಾಜಿನಾಚೆ ನೊರ್ಬುವಿಗೆ ಎಲ್ಲವೂ ಕೇಳಿಸಿತ್ತು. ಸಂಜಯ್ ಹೋದ ಮೇಲೆ ಅವನು ಎದ್ದು ಬಂದು ಬಾಗಿಲಲ್ಲಿ ನಿಂತ. ಕಣ್ಣಿಗೆ ಸಿಕ್ಕಿಸುವ ಭೂತಗನ್ನಡಿ ಇನ್ನೂ ಹಣೆಯ ಮೇಲಿತ್ತು.

“ನಮ್ ತಾತನ್ನ ಊರು ಬಿಡ್ಸಿದ್ದೇ ಚೈನಾದೋರು ಕಣೋ. ಸಾಯೋಗಂಟ ಚೈನಾ ಟಾರ್ಚೂ ಮುಟ್ನಿಲ್ಲ ಅವ್ನು. ಈಗ ನನ್ನ ಚೈನಾ ಅಂತ ಊರು ಬಿಡುಸ್ತವ್ರೆ. ತಮಾಷೆಯಾಗದೆ ಅಲ್ವಾ?”

“ನಾನು ನಿನ್ನ ಬರೀಲಿಲ್ಲ ಕಣೋ. ನಮ್ಮವ್ವನಾಣೆ.”

ನೊರ್ಬು ಅವನ ಮುಖವನ್ನು ಒಂದು ಗಳಿಗೆ ನೋಡಿದ. “ಅವ್ವನ ಆಣೆ ಬ್ಯಾಡ. ಆ ಪುಸ್ತಕ ತತ್ತೀಯಾ? ಸರ್ಕಲ್ನಾಗೆ ಎಲ್ರಿಗೂ ತೋರ್ಸು. ಇದು ಹಳೇ ಪುಸ್ತಕದ್ದು, ಇವ್ನಿಗೂ ಇದ್ಕೂ ಸಂಬಂಧ ಇಲ್ಲ ಅಂತ ಅನ್ನು. ಇಲ್ಲಿ ನಾಕು ಜನ ನಾನಲ್ಲ ಅಂತ ಒಪ್ಕೊಂಡ್ರೆ ಸಂಜಯಣ್ಣನ ಅಪ್ಪನ್ ತಾವ ನಾನು ಮಾತಾಡ್ಕೊತೀನಿ. ಅಂಗಡಿ ಉಳಿತದೆ.”

“ನಾಳೆನೇ ತತ್ತೀನಿ. ಆ ಸಂಜಯನ ಮುಖಕ್ಕೇ ಹಿಡಿತೀನಿ ನೋಡ್ತಿರು” ಅಂದ ರಜನೀಶ.

ಅವತ್ತು ಅವನು ಕೆಲಸ ಬೇಗ ಬಿಟ್ಟು ಬಸ್ಸು ಹತ್ತಿದ. ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ಅಟ್ಟದಿಂದ ಚೀಲ ಇಳಿಸಿ, ಜಗುಲಿಯ ಮೇಲೆ ಪುಸ್ತಕಗಳನ್ನು ಹರಡಿಕೊಂಡು ಕೂತ. ಇಲಿ ತಿಂದ ಅಂಚು, ಹೊಗೆಯ ವಾಸನೆ. ಹುಡುಕಬೇಕಾದ ಕಷ್ಟವೇನಿರಲಿಲ್ಲ, ಮೂರನೇ ಪುಸ್ತಕದಲ್ಲೇ ಇಡೀ ಪುಟಕ್ಕೆ ಆ ಮುಖ ಸಿಕ್ಕಿತು. ಒಂದೇ ಅಚ್ಚಿನಲ್ಲಿ ಹೊಯ್ದ ಹಾಗೆ ಸಾಲಾಗಿ ನಿಂತ ಶತ್ರು ಸೈನಿಕರು, ಅವರೆದುರು ಬಂದೂಕು ಹಿಡಿದ ಇಬ್ಬರು ಅಮೆರಿಕದವರು. ರಜನೀಶ “ಹ್ಞಾ!” ಎಂದು ತೊಡೆ ತಟ್ಟಿಕೊಂಡ. ಫೋನು ತೆಗೆದು ಪುಟದ ಫೋಟೋ ಹೊಡೆದ. ಇಂಗ್ಲಿಷಿನ ಸಾಲಿಗೆ ಫೋನು ಹಿಡಿದರೆ ಅದು ಕನ್ನಡವಾಗುತ್ತದೆ ಎಂದು ಹಿಂದೊಮ್ಮೆ ನೊರ್ಬು ತೋರಿಸಿದ್ದು ನೆನಪಾಗಿ, ಹಾಗೇ ಹಿಡಿದ. ಅಕ್ಷರಗಳು ಸ್ವಲ್ಪ ಹೊತ್ತು ನಡುಗಿ ನಿಂತವು. ಒಬ್ಬ ಸೈನಿಕ ಇನ್ನೊಬ್ಬನಿಗೆ ಹೇಳುತ್ತಿದ್ದ: “ಈ ಜಪಾನಿನವನನ್ನು ನಾನು ನಿನ್ನೆಯೇ ಕೊಂದಿರುವೆ ಎಂದು ಭಾವಿಸುತ್ತೇನೆ.”

ಜಪಾನಿನವನು. ಚೈನಾದವನೂ ಅಲ್ಲ.

ರಜನೀಶ ಇನ್ನೊಂದು ಸಲ ಓದಿದ. ಇಷ್ಟು ವರ್ಷ ಈ ಪುಟವನ್ನು ನೋಡಿ ನಗುತ್ತಿದ್ದವನು ಯಾತಕ್ಕೆ ನಗುತ್ತಿದ್ದ ಎಂದು ಅವನಿಗೆ ತಿಳಿಯಲಿಲ್ಲ. ಆಮೇಲೆ, ಸಂಜಯ್‌ಗೆ ತೋರಿಸುವಾಗ ಎರಡನ್ನೂ ಅಕ್ಕಪಕ್ಕ ಹಿಡಿಯಬೇಕೆಂದುಕೊಂಡು, ಫೋನಿನಲ್ಲಿದ್ದ ಫ್ಲೆಕ್ಸಿನ ಫೋಟೋ ತೆಗೆದು ಪುಟದ ಪಕ್ಕದಲ್ಲಿಟ್ಟ.

ಕಣ್ಣು ಹೌದು, ಕನ್ನಡಕ ಹೌದು. ಹಲ್ಲು ಮುಂದೆ ಬಂದದ್ದೂ ಹೌದು. ಆದರೆ ಪುಸ್ತಕದವರ ಹಲ್ಲು ಬೇಲಿಯ ಹಾಗೆ ಒಂದೇ ಸಮ ಇದ್ದವು. ಮೂಲೆ ಮುರಿದ ಹಲ್ಲು ಅಲ್ಲಿ ಯಾರಿಗೂ ಇರಲಿಲ್ಲ. ನೆತ್ತಿಯ ಮೇಲೆ ಎದ್ದು ನಿಂತ ಕೂದಲೂ ಇರಲಿಲ್ಲ, ಎಲ್ಲರೂ ಟೋಪಿ ಹಾಕಿದ್ದರು. ಒಂದು ಕಣ್ಣನ್ನು ಇನ್ನೊಂದಕ್ಕಿಂತ ಹೆಚ್ಚು ಕಿರಿದು ಮಾಡಿ, ಕೆಳತುಟಿಯನ್ನು ಒಂದು ಪಕ್ಕಕ್ಕೆ ಕಚ್ಚಿಕೊಂಡ ಆ ನೋಟ, ಕೀರ್ತಿರಾಜನನ್ನು ಹೊಟ್ಟೆ ಹಿಡಿದುಕೊಂಡು ನಗಿಸಿದ ಆ ನೋಟ, ಪುಸ್ತಕದಲ್ಲೆಲ್ಲೂ ಇರಲಿಲ್ಲ. ರಜನೀಶ ಉಳಿದ ಪುಸ್ತಕಗಳನ್ನೂ ಬಿಚ್ಚಿದ. ಪುಟ ಹರಿಯುವಷ್ಟು ಜೋರಾಗಿ ತಿರುವಿದ. ಹಾಗೆ ಕಣ್ಣು ಕಿರಿದು ಮಾಡಿ ತುಟಿ ಕಚ್ಚಿಕೊಳ್ಳುವವನು ಒಬ್ಬನೇ. ಸಣ್ಣ ಸ್ಕ್ರೂ ಕೂರಿಸುವಾಗ, ಗಾಜಿನಾಚೆ.

“ಏನ್ಲಾ ಅದು, ಹಳೇ ಕಸನೆಲ್ಲ ಹರಡ್ಕೊಂಡು ಕೂತಿದ್ದೀಯೆ?” ಮೊರದಲ್ಲಿ ಹುರುಳಿ ಹಸನು ಮಾಡುತ್ತಿದ್ದ ಕಲ್ಲಮ್ಮ ಎದ್ದು ಬಂದಳು. ಅವಳು ಬಗ್ಗಿ ಒಂದು ಪುಟವನ್ನು ನೋಡಿ, ಸೆರಗನ್ನು ಬಾಯಿಗಿಟ್ಟುಕೊಂಡು ನಗತೊಡಗಿದಳು.

“ಅಯ್ಯೋ ನನ್ ಸಿವ್ನೆ, ಇದು ನಿಮ್ಮಪ್ಪ ಕಣ್ಲಾ!”

ಧೂಳಿನ ರಸ್ತೆಯಲ್ಲಿ ನಿಂತ ಜೀಪು. ಜೀಪಿನಲ್ಲಿ ಅಮೆರಿಕದ ಸೈನಿಕರು. ಪಕ್ಕದಲ್ಲಿ ಬರಿಮೈಯ ಒಬ್ಬ ಕುಕ್ಕರುಗಾಲಲ್ಲಿ ಕೂತಿದ್ದ. ತಲೆಗಿಂತ ದೊಡ್ಡ ರುಮಾಲು, ಎಣಿಸಬಹುದಾದ ಎದೆಗೂಡು, ಕಡ್ಡಿಯಂಥ ಕಾಲು, ಬಾಯಿ ತೆರೆದ ಪೆದ್ದ ಮುಖ. ಹುಡುಗನಾಗಿದ್ದಾಗ ರಜನೀಶ ಆ ರುಮಾಲಿಗೆ ಕೆಂಪು ಬಣ್ಣ ತುಂಬಿದ್ದ. ಅವನು ಯಾವ ದೇಶದವನು ಎಂದು ಯೋಚಿಸಿರಲಿಲ್ಲ.

“ಆ ಎದೆ ನೋಡು, ಆ ಕಾಲು ನೋಡು. ಐಬಿ ಮುಂದೆ ಬೀಡಿ ಸೇದ್ತಾ ಕೂತಂಗೇ ಅದೆ” ಅವಳು ಕಣ್ಣೊರೆಸಿಕೊಂಡಳು. “ಯಾರ್ಲಾ ಬರ್ದೋರು?”

“ಅಮೇರಿಕದೋರು.”

“ನಿಮ್ಮಪ್ಪನ್ನ ನೋಡಿದ್ರಾ ಅವ್ರು?”

“ಇಲ್ಲ ಕಣವ್ವ. ಅಪ್ಪ ಉಟ್ಟೋಕ್ ಮುಂಚೇನೇ ಬರ್ದಿರದು.”

“ನೋಡ್ದೇನೇ ಎಂಗ್ಲಾ ಬರ್ದ್ರು?” ಕಲ್ಲಮ್ಮ ಮತ್ತೊಮ್ಮೆ ಬಗ್ಗಿ ನೋಡಿದಳು. ಈ ಸಲ ನಗಲಿಲ್ಲ. “ಒಂದು ಅಂಗಿನಾರ ಹಾಕ್ಬೋದಿತ್ತು” ಅಂದು ಮೊರದ ಕಡೆ ಹೋದಳು.

ಆ ಪುಟದ ಕೆಳಗಿನ ಸಾಲಿಗೆ ರಜನೀಶ ಫೋನು ಹಿಡಿಯಲಿಲ್ಲ. ಅವರು ನೋಡದೆ ಬರೆದಿದ್ದರು. ತಾನು ನೊರ್ಬುವನ್ನು ದಿನವೂ ನೋಡಿ, ಅವನು ತಂದುಕೊಟ್ಟ ಟೀ ಕುಡಿದು, ಬರೆದಿದ್ದ.

ಮರುದಿನ ಬೆಳಗ್ಗೆ ಅವನು ಪುಸ್ತಕವನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟುಕೊಂಡು ಬಸ್ಸಿಳಿದಾಗ ಟೀ ಅಂಗಡಿಯ ಮುಂದೆ ಆಗ ತಾನೇ ಜನ ಸೇರುತ್ತಿದ್ದರು. ನೊರ್ಬು ಆಗಲೇ ಬಂದಿದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದ, ನೆತ್ತಿಯ ಕೂದಲು ಏಳದ ಹಾಗೆ ತಲೆಗೆ ನೀರು ಹಚ್ಚಿ ಬಾಚಿದ್ದ. ಬಂದವರಿಗೆಲ್ಲ “ಪುಸ್ತಕ ತತ್ತಾವ್ನೆ ಕಣ್ರಣ್ಣ, ಹಳೇ ಕಾಲದ್ದು, ನೀವೇ ನೋಡಿ” ಎಂದು ಹೇಳಿ ನಿಲ್ಲಿಸಿಕೊಂಡಿದ್ದ. ಮಂಡಿಯವರಿದ್ದರು, ಕಾಲೇಜು ಹುಡುಗರಿದ್ದರು, ಬಾಗಿಲು ತೆರೆದು ಬಿಟ್ಟುಬಂದ ಕೀರ್ತಿರಾಜನಿದ್ದ. ಸಂಜಯ್ ಬೈಕಿನ ಮೇಲೆ ಅಡ್ಡ ಕೂತಿದ್ದ.

“ಬಂದ ನೋಡ್ರಪ್ಪ ವಕೀಲ! ಎಲ್ಲಯ್ಯ ನಿನ್ನ ಅಮೇರಿಕ? ತೆಗಿ ಈಚೆಗೆ.”

ನೊರ್ಬು ಮುಂದೆ ಬಂದು ರಜನೀಶನ ಮೊಣಕೈ ಹಿಡಿದ. ಹಿಡಿತ ಬಿಗಿಯಾಗಿತ್ತು. ಅವನಿಗೊಬ್ಬನಿಗೇ ಕೇಳಿಸುವ ಹಾಗೆ, “ಪುಟ ತೆಗಿ. ಏನೂ ಮಾತಾಡ್ಬ್ಯಾಡ. ದೂರದಿಂದ ತೋರ್ಸಷ್ಟೇಯ. ಕಣ್ಣು ಕನ್ನಡಕ ನೋಡ್ತಾರೆ, ಸಾಕು. ಹಲ್ಲನ್ನ ಯಾರು ನೋಡ್ತಾರೆ” ಅಂದ.

ರಜನೀಶ ಅವನ ಮುಖ ನೋಡಿದ. ನೊರ್ಬುವಿಗೆ ಗೊತ್ತಿತ್ತು. ಮೊದಲನೆಯ ದಿನ ಎರಡು ಲೋಟ ಹಿಡಿದು ನಿಂತಾಗಲೇ ಗೊತ್ತಾಗಿತ್ತು.

ರಜನೀಶನಿಗೆ ಸಿಟ್ಟು ಬಂದಿತು. ಯಾರ ಮೇಲೆ ಎಂದು ಅವನಿಗೇ ತಿಳಿಯಲಿಲ್ಲ. ಬೈಕಿನ ಮೇಲೆ ಕೂತವನ ಮೇಲೋ, ಕಾಯುತ್ತ ಬಾಯಿ ತೆರೆದು ನಿಂತವರ ಮೇಲೋ, ಸುಳ್ಳು ಹೇಳು ಎಂದು ಮೊಣಕೈ ಹಿಡಿದವನ ಮೇಲೋ. ಕೈ ಕೊಸರಿಕೊಂಡು ಅಂಗಡಿಗೆ ನುಗ್ಗಿದ. ಫ್ಲೆಕ್ಸ್ ಕತ್ತರಿಸುವ ಕಟ್ಟರ್ ತೆಗೆದುಕೊಂಡು, ಏಣಿಯನ್ನು ಎಳೆದುಕೊಂಡು ಬಂದು ಕಂಬಕ್ಕೆ ಆನಿಸಿದ. “ಏಯ್, ಏಯ್!” ಎಂದು ಸಂಜಯ್ ಬೈಕಿನಿಂದ ಜಿಗಿಯುವ ಹೊತ್ತಿಗೆ ಒಂದು ಕಡೆಯ ಹಗ್ಗ ತುಂಡಾಗಿತ್ತು. ಫ್ಲೆಕ್ಸ್ ಅರ್ಧಕ್ಕೆ ಮಗುಚಿ ಜೋತುಬಿದ್ದಿತು. ರಜನೀಶ ಮೇಲಿನಿಂದಲೇ ಅದಕ್ಕೆ ಕಟ್ಟರ್ ಹಾಕಿ ಸೀಳಿದ. ಮೂರನೆಯವನಿದ್ದ ತುಂಡು ಬೇರೆಯಾಗಿ ರಸ್ತೆಯ ಮೇಲೆ ಅಗಲವಾಗಿ ಬಿದ್ದಿತು.

ಇಳಿಯುತ್ತಿದ್ದ ಹಾಗೇ ಸಂಜಯ್ ಅವನ ಕೊರಳಪಟ್ಟಿ ಹಿಡಿದ. “ಯಾರಪ್ಪನ ಫ್ಲೆಕ್ಸು ಅಂತ ಅರ್ದಾಕ್ದೆಲಾ? ಬರ್ದೋನೂ ನೀನೇ, ಅರಿಯೋನೂ ನೀನೇನಾ? ಪುಸ್ತಕ ಎಲ್ಲಿ? ಇಲ್ವಾ? ಬರೀ ರೀಲ್ ಬುಟ್ಟಿದ್ದಾ?”

“ಪುಸ್ತಕ ಅದೆ!” ರಜನೀಶ ಕವರನ್ನು ಎತ್ತಿ ಹಿಡಿದ. ಅವನ ದನಿ ಬಸ್ ಸ್ಟ್ಯಾಂಡಿನ ಒಳಗಿನವರಿಗೂ ಕೇಳಿಸುವಷ್ಟು ಏರಿತ್ತು. “ಅದೆ, ಆದ್ರೆ ಇದ್ರಾಗೆ ಆ ಹಲ್ಲಿಲ್ಲ. ಆ ಮುಖ ಇದ್ರಾಗಿಲ್ಲ. ಅದು ನೊರ್ಬುದೇ. ನೊರ್ಬುನ್ನ ನೋಡ್ಕೊಂಡೇ ಬರ್ದಿದ್ದು ನಾನು. ಬರಿಬಾರ್ದಿತ್ತು, ಬರ್ದೆ. ತಪ್ಪು ನಂದು, ಅದ್ಕೆ ಅರ್ದಾಕಿದೆ. ಈಗ ಏನ್ ಮಾಡ್ಕೊಂತೀರೋ ಮಾಡ್ಕೊಳ್ಳಿ!”

ಕೊರಳಪಟ್ಟಿಯ ಮೇಲಿನ ಕೈ ಸಡಿಲವಾಯಿತು. ರಜನೀಶನ ಎದೆಯ ಮೇಲಿದ್ದ ಕಲ್ಲು ಇಳಿದ ಹಾಗಾಯಿತು. ಇಷ್ಟು ಹಗುರಾಗಿ ಅವನು ಯಾವತ್ತೂ ಉಸಿರಾಡಿರಲಿಲ್ಲ. ಕಟ್ಟರನ್ನು ಮಡಚಿ ಜೇಬಿಗಿಟ್ಟು, ನೋಡಿದೆಯಾ ಎನ್ನುವ ಹಾಗೆ ನೊರ್ಬುವಿನ ಕಡೆ ತಿರುಗಿದ.

ಅಷ್ಟರಲ್ಲಿ ಸಂಜಯ್ ನಕ್ಕ. ಮೆಲ್ಲಗೆ ಶುರುಮಾಡಿ, ಸೊಂಟಕ್ಕೆ ಕೈಯಿಟ್ಟು ನಕ್ಕ.

“ಅಂಗಾರೆ ನಿಜ್ವಾಗ್ಲೂ ಇವ್ನೇನಾ! ನಾನು ತಮಾಷೆಗಂದಿದ್ದು ಕಣ್ರಪ್ಪ. ಬರ್ದೋನೇ ಒಪ್ಕೊಂಡ, ಇನ್ನೇನು?”

ನಗು ಹತ್ತಿಕೊಂಡಿತು. ಇನ್ನೂ ಸಂಶಯದಲ್ಲಿದ್ದ ಮಂಡಿಯವರೂ ಈಗ ಕೆಳಗೆ ಬಿದ್ದ ಮುಖವನ್ನು ನೋಡಿ, ನೊರ್ಬುವಿನ ಮುಖವನ್ನು ನೋಡಿ, ತಲೆದೂಗಿದರು. “ಎಷ್ಟ್ ಕರೆಕ್ಟಾಗ್ ಬರ್ದವ್ನೆ ನೋಡಯ್ಯ” ಅಂದ ಒಬ್ಬ. ಕಾಲೇಜು ಹುಡುಗರ ಫೋನುಗಳು ಮೇಲೆದ್ದವು, ಒಂದಾದ ಮೇಲೊಂದು, ನೊರ್ಬುವಿನ ಕಡೆಗೆ.

ನೊರ್ಬು ಎರಡು ಕೈಯನ್ನೂ ಪಕ್ಕಕ್ಕೆ ಇಳಿಬಿಟ್ಟು ನಿಂತಿದ್ದ. ಯಾರ ಮೇಲೂ ಅವನ ಕಣ್ಣಿರಲಿಲ್ಲ. ಆಮೇಲೆ ರಸ್ತೆ ದಾಟಿ ಹೋಗಿ ಅಂಗಡಿಯ ಶಟರ್ ಎಳೆದ. ಬೀಗ ಹಾಕಿ, ಒಮ್ಮೆ ಜಗ್ಗಿ ನೋಡಿ, ಬೀಗದ ಕೈಯನ್ನು ತಂದು ಸಂಜಯ್‌ನ ಬೈಕಿನ ಸೀಟಿನ ಮೇಲಿಟ್ಟ. ಬೈಲಕುಪ್ಪೆಯ ದಾರಿಯ ಅರಕಲಗೂಡಿನ ಬಸ್ಸು ನಿಲ್ಲುವ ಕಡೆಗೆ ತಿರುಗಿದ.

“ನೊರ್ಬು!” ರಜನೀಶ ಜನರನ್ನು ನೂಕಿಕೊಂಡು ಅವನ ಹಿಂದೆ ಬಂದ. “ಲೋ, ಇದ್ದುದ್ನ ಇದ್ದಂಗೇ ಅಂದೆ ಕಣೋ ನಾನು. ಎಲ್ರ ಮುಂದೇನೂ ಒಪ್ಕೊಂಡೆನಲ್ಲೋ. ಇನ್ನೇನ್ ಮಾಡ್ಬೇಕಿತ್ತು ಹೇಳು. ಬೈಯೋ. ಎರಡು ಹೊಡಿ ಬೇಕಾರೆ. ಏನಾದ್ರೂ ಅನ್ನೋ!”

ರಸ್ತೆಯ ನಡುವೆ ಆ ಮುಖ ಅಂಗಾತ ಬಿದ್ದಿತ್ತು. ಒಂದು ಆಟೋ ಅದನ್ನು ಬಳಸಿಕೊಂಡು ಹೋಯಿತು. ನೊರ್ಬು ಅದರ ಹತ್ತಿರ ಬಂದಾಗ ನಡಿಗೆ ನಿಧಾನ ಮಾಡಿದ, ತುಳಿಯದ ಹಾಗೆ ಕಾಲನ್ನು ಎತ್ತಿ ಆಚೆಗಿಟ್ಟ, ಮತ್ತೆ ಮೊದಲಿನ ಹಾಗೇ ನಡೆದುಕೊಂಡು ಹೋದ.